ಮರಿ ಮೇಷ್ಟ್ರು

“ಊರಿಗೆಲ್ಲ ಬ್ರೇಕ್ ಹಾಕೋದು ಕಲಿಸ್ತೀರಿ, ಹೆತ್ತ ಮಗನಿಗೆ ಮಾತ್ರ ಕಲಿಸೋಕೆ ಪುರುಸೊತ್ತಾಗಲಿಲ್ಲ ನೋಡಿ ಮೇಷ್ಟ್ರೇ,” ಎಂದರು ಹೆಡ್‌ಮಾಸ್ಟರು. ದನಿ ಏರಿಸಿರಲಿಲ್ಲ. ಅಂಗಡಿಯಲ್ಲಿ ಸಾಮಾನು ಕೇಳುವವರ ಹಾಗೆ, ಮೇಜಿನ ಗಾಜಿನಡಿ ಸಿಕ್ಕಿಕೊಂಡಿದ್ದ ಸತ್ತ ಇರುವೆಯನ್ನು ನೋಡುತ್ತ ಹೇಳಿದರು. ಕೋಣೆಯಲ್ಲಿ ಮಗಳ ವರ್ಗಾವಣೆ ಪತ್ರಕ್ಕೆಂದು ಬಂದ ಗಂಡ ಹೆಂಡತಿ ಇದ್ದರು, ಗುಮಾಸ್ತನಿದ್ದ, ಏಣಿಯ ಮೇಲೆ ನಿಂತು ಫ್ಯಾನು ಬಿಚ್ಚುತ್ತಿದ್ದ ಎಲೆಕ್ಟ್ರಿಷಿಯನ್ ಇದ್ದ. ಮೊದಲು ನಕ್ಕವನು ಎಲೆಕ್ಟ್ರಿಷಿಯನ್. ಮೇಲಿನಿಂದ ಅಪ್ಪಣೆಯಾಯಿತು ಎನ್ನುವಂತೆ ಆಮೇಲೆ ಗುಮಾಸ್ತ ನಕ್ಕ. ಗಂಡ ಹೆಂಡತಿ ಮುಖ ಮುಖ ನೋಡಿಕೊಂಡು, ನಗಬಹುದೆಂದು ತೀರ್ಮಾನಿಸಿ ನಕ್ಕರು. ಆ ಮಾತು ಹೇಳಿಸಿಕೊಂಡ ಅವನೂ ನಕ್ಕ. ಅವನಿಗೆ ಕೆಟ್ಟದೆನಿಸಿದ್ದು ಅದೇ. ಮಾತು ಎದೆಗೆ ಇಳಿಯುವ ಮೊದಲೇ ತುಟಿ ತಾನೇ ಅಗಲವಾಗಿ, ಹಲ್ಲು ತೋರಿಸಿ, ಭಿಕ್ಷೆಗೆ ನಿಂತ ನಾಯಿಯ ಹಾಗೆ ನಕ್ಕುಬಿಟ್ಟಿತ್ತು. ಹದಿನೆಂಟು ವರ್ಷ ಡ್ರೈವಿಂಗ್ ಸ್ಕೂಲು ನಡೆಸಿದವನಿಗೆ ಮನುಷ್ಯರನ್ನು ಅಳೆಯಲು ಬೇರೆ ಮಾಪಕ ಬೇಕಿರಲಿಲ್ಲ. ಹೆಡ್‌ಮಾಸ್ಟರಂಥವರು ಸ್ಟೇರಿಂಗ್ ಹಿಡಿದರೆ ಊರಿಡೀ ಎರಡನೇ ಗೇರಿನಲ್ಲೇ ಸುತ್ತಿ, ಹಿಂದೆ ಹಾರನ್ ಹೊಡೆದವರಿಗೆಲ್ಲ ಶಿಸ್ತಿನ ಬಗ್ಗೆ ಭಾಷಣ ಕೊಡುತ್ತಾರೆ. ಗುಮಾಸ್ತ ಜೀವಮಾನವಿಡೀ ಹ್ಯಾಂಡ್ ಬ್ರೇಕ್ ಎಳೆದೇ ಗಾಡಿ ಓಡಿಸುವ ಜಾತಿ. ಆ ಗಂಡನಿಗೆ ಹೆಂಡತಿಯನ್ನು ಕೇಳದೆ ಇಂಡಿಕೇಟರ್ ಹಾಕಲು ಬರಲಿಕ್ಕಿಲ್ಲ. ಇಂಥ ನಾಲಾಯಕ್‌ಗಳ ಮುಂದೆ ತಾನು ಕೈ ಕಟ್ಟಿ ನಿಂತಿರುವುದು ಮಗನ ದೆಸೆಯಿಂದ, ಎಂದುಕೊಂಡ. ಹಾಗೆಂದುಕೊಂಡ ಕೂಡಲೇ ಸ್ವಲ್ಪ ಹಿತವಾಯಿತು.

“ನಾಳೆ ಬಾಲನ್ಯಾಯ ಬೋರ್ಡು ಕೂರುತ್ತೆ ಸಾರ್,” ಎಂದ. “ಶಾಲೆ ಗೊತ್ತಾಗಿದೆ ಅಂದ್ರೆ ಮನೆಗೆ ಬಿಡ್ತಾರೆ. ಇಲ್ಲ ಅಂದ್ರೆ ಹದಿನೆಂಟು ತುಂಬೋವರೆಗೆ ಅವರ ಹಾಸ್ಟೆಲ್ಲೇ. ಇನ್ನೆರಡು ವರ್ಷ.” ಇದನ್ನು ಅವನು ಮನೆಯಿಂದಲೇ ಬಾಯಿಪಾಠ ಮಾಡಿಕೊಂಡು ಬಂದಿದ್ದ. ‘ಇನ್ನೆರಡು ವರ್ಷ’ ಎನ್ನುವಲ್ಲಿ ದನಿ ಸ್ವಲ್ಪ ಇಳಿಸಬೇಕೆಂದು ಹೆಂಡತಿ ಹೇಳಿಕೊಟ್ಟಿದ್ದಳು. ಇಳಿಸಿದ. ಹೆಡ್‌ಮಾಸ್ಟರು ಗುಮಾಸ್ತನನ್ನೂ ಆ ದಂಪತಿಯನ್ನೂ ಆಚೆ ಕಳಿಸಿದರು. ಎಲೆಕ್ಟ್ರಿಷಿಯನ್‌ನನ್ನು ಕಳಿಸಲಿಲ್ಲ. ಏಣಿಯ ಮೇಲಿರುವವನು ಲೆಕ್ಕಕ್ಕಿಲ್ಲವೋ, ಅಥವಾ ಒಬ್ಬನಾದರೂ ಕೇಳಿಸಿಕೊಳ್ಳಲಿ ಎಂದೋ.

“ಸೀಟು ಕೊಡ್ತೀನಿ,” ಎಂದರು.

ಅವನು ಇದಕ್ಕೆ ತಯಾರಾಗಿ ಬಂದಿರಲಿಲ್ಲ. ಇಲ್ಲವೆಂದರೆ ಏನು ಬೈದುಕೊಳ್ಳುತ್ತ ಮೆಟ್ಟಿಲಿಳಿಯಬೇಕೆಂದು ಮಾತ್ರ ತಯಾರಿ ನಡೆಸಿದ್ದ.

“ಹತ್ತನೇ ಕ್ಲಾಸಿಗೆ ಸೋಮವಾರ ಬಂದು ಕೂತ್ಕೊಳ್ಳಲಿ. ಓದೋ ಹುಡುಗ, ಅದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ಶನಿವಾರ ಪೋಷಕರ ಸಭೆ ಇದೆ. ಕಳ್ಳನ ಪಕ್ಕ ನಮ್ಮ ಮಕ್ಕಳನ್ನ ಕೂರಿಸ್ತೀರಾ ಅಂತ ಕೇಳೇ ಕೇಳ್ತಾರೆ. ಅಪಘಾತ ಬೇರೆ, ಅದು ಯಾರ ಕೈಯಲ್ಲಾದ್ರೂ ಆಗುತ್ತೆ ಅಂತಾರೆ ಜನ. ಕಳ್ಳತನ ಮಾತ್ರ ಬಿಡಲ್ಲ. ಅವನು ಕಳ್ಳ ಅಲ್ಲ ಅಂತ ನಾನು ಹೇಳಿದ್ರೆ ಯಾರು ನಂಬ್ತಾರೆ? ಕೀ ಕದ್ದ, ಅವನಿಗೆ ಡ್ರೈವಿಂಗೇ ಬರ್ತಿರಲಿಲ್ಲ ಅಂತ ಬೋರ್ಡಿನ ಮುಂದೆ ಹೇಳಿದೋರು ನೀವು. ನೀವೇ ಸಭೆಯಲ್ಲಿ ಎದ್ದು ನಿಂತು ಹೇಳಿ. ಹದಿಮೂರನೇ ವಯಸ್ಸಿಗೆ ಕಾರು ಕಲಿಸಿದ್ದು ನಾನೇ, ಕೀ ಕೈಗೆ ಕೊಟ್ಟಿದ್ದೂ ನಾನೇ ಅಂತ. ಎರಡು ಮಾತು. ಮುಗೀತು.”

“ಲೈಸೆನ್ಸ್ ಹೋಗುತ್ತೆ ಸಾರ್.”

“ಹೋಗಬಹುದು,” ಎಂದರು ಹೆಡ್‌ಮಾಸ್ಟರು. ಆಮೇಲೆ ಕನ್ನಡಕ ತೆಗೆದು, “ನಮ್ಮ ಮನೆಯವರು ನಿಮ್ಮ ಮಗನ್ನ ಆಗಾಗ ಜ್ಞಾಪಿಸಿಕೊಳ್ತಾರೆ. ಅವರೂ ಶನಿವಾರ ಬರ್ತಾರೆ,” ಎಂದರು.

ಅವರ ಮನೆಯವರು. ಕಾರಿಡಾರಿನಲ್ಲಿ ನಡೆಯುತ್ತ ಅವನಿಗೆ ಆ ಹೆಂಗಸಿನ ಕೈ ನೆನಪಾಯಿತು, ಮುಖವಲ್ಲ. ಗೇರಿನ ಹಿಡಿಯ ಮೇಲೆ ಬೆವತ, ಬೆರಳುಗಳು ಊದಿದ, ಉಂಗುರ ಬಿಗಿದು ಕೆಂಪಾದ ಕೈ. ರಿವರ್ಸ್ ಹಾಕು ಎಂದರೆ ಮೂರನೆಯದಕ್ಕೆ ಹಾಕುತ್ತಿದ್ದಳು. ತಿಂಗಳಾದರೂ ಎರಡು ಡ್ರಮ್ಮುಗಳ ನಡುವೆ ಗಾಡಿ ಹಿಂದಕ್ಕೆ ತರಲು ಬಂದಿರಲಿಲ್ಲ. ಮೈದಾನದ ಅಂಚಿನ ಕಲ್ಲುಬೆಂಚಿನ ಮೇಲೆ ಸರದಿಗೆ ಕಾಯುವ ಏಳೆಂಟು ಜನರಿರುತ್ತಿದ್ದರು. “ಇಳೀರಿ ಮೇಡಂ,” ಎಂದಿದ್ದ. “ಇಳಿದು ನಿಂತು ನೋಡಿ.” ಬೆಂಚಿನ ಹಿಂದೆ ಹೋಂವರ್ಕ್ ಮಾಡುತ್ತ ಕೂತಿದ್ದ ಮಗನನ್ನು ಕರೆದಿದ್ದ. ಹುಡುಗ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡೇ ಬಂದು, ಸೀಟಿನ ಮೇಲೆ ದಿಂಬು ಹಾಕಿಕೊಂಡು ಕೂತು, ಒಂದೇ ಉಸಿರಿಗೆ ಗಾಡಿಯನ್ನು ಹಿಂದಕ್ಕೆ ತಂದು, ಡ್ರಮ್ಮಿಗೆ ಗೇಣು ಉಳಿದಿದೆ ಎನ್ನುವಾಗ ನಿಲ್ಲಿಸಿದ್ದ. ಬೆಂಚು ಚಪ್ಪಾಳೆ ತಟ್ಟಿತ್ತು. “ನೋಡಿದ್ರಾ ಮೇಡಂ, ಚಡ್ಡಿ ಹಾಕೋ ಹುಡುಗ,” ಎಂದಿದ್ದ ಅವನು. “ನೀವು ಅಡುಗೆಮನೆಯಲ್ಲಿ ರಿವರ್ಸ್ ತಗೊಳ್ಳಿ, ಸಾಕು.” ಅದು ಅವನ ಕಲಿಸುವ ರೀತಿ. ನಾಲ್ಕು ಜನರ ಮುಂದೆ ಮಾನ ಹೋದ ಹೊರತು ಯಾರಿಗೂ ಕಾಲಿನಲ್ಲಿ ಬುದ್ಧಿ ಬರುವುದಿಲ್ಲ ಎಂದು ಅವನು ಮನಸಾರೆ ನಂಬಿದ್ದ. ಆಮೇಲಾಮೇಲೆ ಮಂದಬುದ್ಧಿಯವರಿಗೆಲ್ಲ ಅದೇ ಮದ್ದಾಯಿತು. ಹುಡುಗನಿಗೆ ಬೆಂಚಿನವರೇ ಮರಿ ಮೇಷ್ಟ್ರು ಎಂದು ಹೆಸರಿಟ್ಟರು. ಮರಿ ಮೇಷ್ಟ್ರನ್ನ ಕರೀರಿ, ಸ್ವಲ್ಪ ಮಜಾ ನೋಡೋಣ ಎನ್ನುತ್ತಿದ್ದರು. ಹುಡುಗ ಬರುತ್ತಿದ್ದ, ತೋರಿಸುತ್ತಿದ್ದ, ಇಳಿದು ಹೋಗಿ ಮತ್ತೆ ಲೆಕ್ಕ ಮಾಡುತ್ತಿದ್ದ. ಹೆಡ್‌ಮಾಸ್ಟರ ಹೆಂಡತಿ ಮಾರನೆಯ ದಿನದಿಂದ ಬರಲಿಲ್ಲ. ಈಗ ಶನಿವಾರ ಮುಂದಿನ ಸಾಲಿನಲ್ಲಿ ಕೂತು, ಊದಿದ ಕೈ ಮಡಿಲಲ್ಲಿಟ್ಟುಕೊಂಡು, ಇಳಿದು ನಿಂತು ನೋಡಲು ಬರುತ್ತಾಳೆ.

ಸಭಾಂಗಣದ ಬಾಗಿಲು ತೆರೆದಿತ್ತು. ಯಾರೂ ಇರಲಿಲ್ಲ. ಪ್ಲಾಸ್ಟಿಕ್ ಕುರ್ಚಿಗಳನ್ನು ಒಂದರೊಳಗೊಂದು ಪೇರಿಸಿ ಗೋಡೆಗೆ ಒರಗಿಸಿದ್ದರು. ಅವನು ಒಳಗೆ ಒಂದು ಹೆಜ್ಜೆ ಇಟ್ಟು, ಯಾವ ಸಾಲಿನಲ್ಲಿ ತಾನು ಕೂರಬೇಕಾಗುತ್ತದೆ, ಎದ್ದಾಗ ಕುರ್ಚಿ ಕಿರ್ರೆನ್ನುತ್ತದೆಯೇ, ಮೈಕು ಕೈಗೆ ಕೊಡುತ್ತಾರೋ ಹಾಗೇ ಹೇಳಬೇಕೋ ಎಂದು ನೋಡಿದ. ಮೈಕು ಕೊಟ್ಟರೆ ಮೊದಲು ಅದು ಕುಯ್ಯೆನ್ನುತ್ತದೆ. ಎಲ್ಲರೂ ಕಿವಿ ಮುಚ್ಚಿಕೊಳ್ಳುತ್ತಾರೆ. ಆಮೇಲೆ ಅವನು ಬಾಯಿ ತೆರೆಯಬೇಕು. ಥೂ. ಬೋರ್ಡಿನ ಮುಂದೆ ಹೇಳುವುದು ಎಷ್ಟು ಸಲೀಸಾಗಿತ್ತು. ಚಿಕ್ಕ ಕೋಣೆ, ಮೂರು ಜನ, ಮಧ್ಯದಲ್ಲಿ ಕೂತ ಹೆಂಗಸಿಗೆ ನೆಗಡಿ. ಕೀ ಎಲ್ಲಿಡ್ತೀರಿ? ಮೊಳೆಗೆ ನೇತುಹಾಕಿರ್ತೀನಿ ಮೇಡಂ. ಹುಡುಗನಿಗೆ ಓಡಿಸೋದು ಕಲಿಸಿದ್ರಾ? ಇಲ್ಲ ಮೇಡಂ, ಸೀಟಿಗೆ ಕೂರಿಸಿದ್ದೂ ಇಲ್ಲ. ನಾನು ನಿದ್ದೆ ಮಾಡ್ತಿದ್ದೆ, ಕದ್ದು ತಗೊಂಡು ಹೋಗಿದಾನೆ. ಹೇಳುವಾಗ ಮಗನ ಕಡೆ ನೋಡಬಾರದೆಂದು ವಕೀಲ ಎಚ್ಚರಿಸಿದ್ದ. ನೋಡಿದ. ಹುಡುಗ ತಲೆ ಎತ್ತಿ ಅವನನ್ನೇ ನೋಡುತ್ತಿದ್ದ, ಕೋಪವಿಲ್ಲದೆ, ಬ್ಲಾಕ್‌ಬೋರ್ಡಿನ ಮೇಲೆ ಮೇಷ್ಟರು ತಪ್ಪು ಲೆಕ್ಕ ಬರೆಯುತ್ತಿರುವುದನ್ನು ಕಂಡೂ ತೆಪ್ಪಗಿರುವ ಜಾಣ ಹುಡುಗನ ಹಾಗೆ. ಆ ಮೌನಕ್ಕೆ ಅವನು ಕೃತಜ್ಞನಾಗಿರಬೇಕಿತ್ತು. ಬದಲಿಗೆ ಹೇಸಿಗೆಯಾಯಿತು. ಕಿರುಚಬೇಕಿತ್ತು, ಸುಳ್ಳು ಎನ್ನಬೇಕಿತ್ತು, ಆಗ ಇವನೂ ಕಿರುಚಬಹುದಿತ್ತು. ಸುಮ್ಮನಿದ್ದು ಅಪ್ಪನನ್ನು ಉಳಿಸುವ ಹುಡುಗನಿಗೆ ಎಷ್ಟು ಕೊಬ್ಬು.

ಮೈದಾನಕ್ಕೆ ಹೋದಾಗ ಮೆಡಿಕಲ್ ಶಾಪಿನವನು ಆಗಲೇ ಕಾಯುತ್ತಿದ್ದ. ಐವತ್ತು ದಾಟಿದ ಆಸಾಮಿ, ಹೊಸದಾಗಿ ಕಾರು ಕೊಂಡವನು. ಕಾರು ಮನೆಯ ಮುಂದೆ ಹೊದಿಕೆ ಹೊದ್ದು ನಿಂತಿದೆ, ಕೊಂಡವನಿಗೆ ಕ್ಲಚ್ ಬಿಡಲು ಬರುವುದಿಲ್ಲ. “ಲೇಟಾಯ್ತಲ್ಲ ಮೇಷ್ಟ್ರೇ,” ಎಂದು ಹಲ್ಲು ಕಿರಿದ. “ನೀವು ಕಲಿಯೋ ಸ್ಪೀಡಿಗೆ ಲೇಟು ಅನ್ನೋದೇ ಇಲ್ಲ, ಹತ್ತಿ,” ಎಂದ ಅವನು. ಪಕ್ಕದ ಸೀಟಿನಲ್ಲಿ ಕೂತು ತನ್ನ ಪಾದದಡಿಯ ಎರಡು ಪೆಡಲುಗಳ ಮೇಲೆ ಕಾಲಿಟ್ಟ ಮೇಲೆಯೇ ಬೆಳಗಿನಿಂದ ಮೊದಲ ಸಲ ಅವನಿಗೆ ಉಸಿರು ಸರಿಯಾಗಿ ಬಂತು. ಕಲಿಯುವವನ ಕಡೆ ಏನೇ ಅನಾಹುತವಾಗಲಿ, ಈ ಕಡೆ ತನ್ನದೇ ಒಂದು ಕ್ಲಚ್ಚು, ತನ್ನದೇ ಒಂದು ಬ್ರೇಕು. ಜಗತ್ತಿನಲ್ಲಿ ಇಷ್ಟು ಭದ್ರವಾದ ಜಾಗ ಇನ್ನೊಂದಿಲ್ಲ. ಮೆಡಿಕಲ್ ಶಾಪಿನವನು ಗಾಡಿಯನ್ನು ಮೂರು ಸಲ ಕುಪ್ಪಳಿಸಿ ನಿಲ್ಲಿಸಿದ. ನಾಲ್ಕನೆಯ ಸಲ ಅದು ಮೆತ್ತಗೆ ಹೊರಟಿತು. ಅವನ ಮುಖ ಮಗುವಿನ ಹಾಗೆ ಅರಳಿತು. “ಬಂತು ನೋಡಿ ಮೇಷ್ಟ್ರೇ, ಕಾಲಿಗೆ ಬಂತು.” ಬಂದಿರಲಿಲ್ಲ. ಕ್ಲಚ್ ಹಿಡಿದು ಬಿಟ್ಟಿದ್ದು ಪಕ್ಕದ ಸೀಟಿನವನ ಕಾಲು. ಎಲ್ಲರಿಗೂ ಒಂದೊಂದು ದಿನ ಹೀಗೆ ಮಾಡುತ್ತಿದ್ದ. ಗಿರಾಕಿ ಬಿಟ್ಟು ಹೋಗಬಾರದಲ್ಲ, ತನಗೆ ಬಂತು ಎಂದು ಒಂದು ದಿನವಾದರೂ ನಂಬಬೇಕು.

ಮಗನಿಗೆ ಒಂದು ದಿನವಲ್ಲ. ಡ್ರಮ್ಮಿಗೆ ಗೇಣು ಉಳಿದಾಗ ಗಾಡಿ ನಿಲ್ಲುತ್ತಿತ್ತಲ್ಲ, ಪ್ರತಿ ಸಲವೂ ಅಷ್ಟೇ ಗೇಣು, ಬೆಂಚು ಚಪ್ಪಾಳೆ ತಟ್ಟುತ್ತಿತ್ತಲ್ಲ, ಆ ಬ್ರೇಕು ಹುಡುಗನದಾಗಿರಲಿಲ್ಲ. ಸ್ಟೇರಿಂಗು ಹುಡುಗನದು, ಗೇರು ಹುಡುಗನದು, ನಿಲ್ಲಿಸುತ್ತಿದ್ದುದು ಇವನು. ಮೊದಲ ದಿನ ಹೆದರಿ ಕಾಲಿಟ್ಟಿದ್ದ, ಎಲ್ಲಿ ಗುದ್ದಿ ಮಾನ ಕಳೆಯುತ್ತಾನೋ ಎಂದು. ಎರಡನೆಯ ದಿನ ಚಪ್ಪಾಳೆಗೋಸ್ಕರ. ಆಮೇಲೆ ಅದು ಕಾಲಿನ ಚಟವಾಯಿತು. ಹುಡುಗ ತನ್ನ ಪೆಡಲನ್ನೂ ಮುಟ್ಟುತ್ತಿದ್ದನೋ ಏನೋ, ಮುಟ್ಟುವ ಮೊದಲೇ ಗಾಡಿ ನಿಂತಿರುತ್ತಿತ್ತು. ನಿಲ್ಲುವುದು ಗಾಡಿಯ ಗುಣ, ತಾನು ನಿಲ್ಲಲಿ ಎಂದುಕೊಂಡರೆ ಅದು ನಿಲ್ಲುತ್ತದೆ ಎಂದು ಹುಡುಗ ಎರಡು ವರ್ಷ ಕಲಿತ. ಒಂದು ಭಾನುವಾರ ಮಧ್ಯಾಹ್ನ, ಅಪ್ಪ ಉಂಡು ಮಲಗಿದ್ದಾಗ, ‘ಪೆಟ್ರೋಲ್ ಹಾಕಿಸ್ಕೊಂಡು ಬರಲಾ’ ಎಂದು ಕೇಳಿದ್ದಕ್ಕೆ ಅಪ್ಪ ಕಣ್ಣು ಬಿಡದೆ ಹೂಂ ಎಂದು ದಿಂಬಿನಡಿಯಿಂದ ಕೀ ಎಸೆದದ್ದನ್ನು ಹಿಡಿದುಕೊಂಡು ಹೋದ. ಪಕ್ಕದ ಸೀಟು ಖಾಲಿಯಿತ್ತು. ಶಾಲೆಯ ಕಾಂಪೌಂಡಿನ ತಿರುವಿನಲ್ಲಿ ಪಂಕ್ಚರ್ ಅಂಗಡಿಯ ಮುದುಕ ರಸ್ತೆಯಂಚಿಗೆ ಕೂತು ಸೈಕಲ್ ಟ್ಯೂಬನ್ನು ನೀರಿನಲ್ಲಿ ಅದ್ದುತ್ತಿದ್ದ. ಆಮೇಲೆ ಹುಡುಗ ಅಳುತ್ತ ಅಪ್ಪನಿಗೆ ಹೇಳಿದ್ದು ಒಂದೇ ಮಾತು. “ಅದು ನಿಲ್ಲುತ್ತೆ ಅಂದ್ಕೊಂಡಿದ್ದೆ ಅಪ್ಪ.” ಪೊಲೀಸರು, ವಕೀಲ, ಬೋರ್ಡು, ಯಾರಿಗೂ ಆ ಮಾತಿನ ಅರ್ಥವಾಗಲಿಲ್ಲ. ಅವನೊಬ್ಬನಿಗೆ ಆಯಿತು. ಆದದ್ದಕ್ಕೇ ಅವನು ಅಷ್ಟು ಗಟ್ಟಿಯಾಗಿ ‘ಕದ್ದ’ ಎಂದ.

“ರಸ್ತೆಗೆ ತಗೊಳ್ಳಲಾ ಮೇಷ್ಟ್ರೇ?” ಎಂದ ಮೆಡಿಕಲ್ ಶಾಪಿನವನು. ಇವನು ಹೂಂ ಎಂದಿರಬೇಕು. ಗಾಡಿ ಮೈದಾನ ದಾಟಿ, ಇವನು ಎಂದೂ ಹೋಗಗೊಡದ ಬೀದಿಗೆ ತಿರುಗಿ, ಅದೇ ತಿರುವಿನಲ್ಲಿ ಕುಪ್ಪಳಿಸಿ ಸತ್ತಿತು. ಪಂಕ್ಚರ್ ಅಂಗಡಿಯವನು ಎತ್ತರದ ಸ್ಟೂಲಿನ ಮೇಲೆ ಕೂತಿದ್ದ. ಒಂದು ಕಾಲು ಸ್ಟೂಲಿನ ಅಡ್ಡಪಟ್ಟಿಯ ಮೇಲಿತ್ತು. ಇನ್ನೊಂದು ಕಡೆ ಪ್ಯಾಂಟನ್ನು ಮೊಣಕಾಲಿನ ಮೇಲೆ ಮಡಚಿ ಪಿನ್ನು ಹಾಕಿತ್ತು. ಮುದುಕ ಕಿಟಕಿಯತ್ತ ಬಗ್ಗಿ ನೋಡಿ ಗುರುತು ಹಿಡಿದ. “ಓ ಮೇಷ್ಟ್ರು. ಹುಡುಗ ಯಾವಾಗ ಬರ್ತಾನಂತೆ?” ಎಂದ, ಊರಿಂದ ಬರುವ ನೆಂಟರ ಬಗ್ಗೆ ಕೇಳುವವನ ಹಾಗೆ. “ಗೊತ್ತಿಲ್ಲ,” ಎಂದ ಇವನು. “ಪಾಪ, ಓದು ಹಾಳಾಯ್ತು,” ಎಂದ ಮುದುಕ, ಮತ್ತೆ ಟ್ಯೂಬಿಗೆ ಉಪ್ಪುಕಾಗದ ತಿಕ್ಕತೊಡಗಿದ. ಬೈದಿದ್ದರೆ, ಉಗಿದಿದ್ದರೆ ಒಂದು ತೂಕ. ಈ ಪಾಪ ಎನ್ನುವವರನ್ನು ಕಂಡರೆ ಅವನಿಗೆ ಮೈ ಉರಿಯುತ್ತಿತ್ತು. ಕಾಲಿಲ್ಲದವನಿಗೆ ಪಾಪ ಎನ್ನುವ ಹಕ್ಕು ಬೇರೆ. “ಸ್ಟಾರ್ಟ್ ಮಾಡ್ರೀ, ಏನು ಮುಖ ನೋಡ್ತೀರಿ, ಔಷಧಿ ಚೀಟಿನಾ ನನ್ನ ಮುಖ?” ಎಂದು ಮೆಡಿಕಲ್ ಶಾಪಿನವನ ಮೇಲೆ ಹರಿಹಾಯ್ದ. ಅವನು ಬೆದರಿ ಕ್ಲಚ್ಚಿನ ಬದಲು ಆಕ್ಸಿಲರೇಟರ್ ತುಳಿದ.

ಭಾವಮೈದನ ಫೋನು ಬಂದಾಗ ಅವನು ಮನೆಯ ಮುಂದೆ ಗಾಡಿ ನಿಲ್ಲಿಸಿ ಒಳಗೇ ಕೂತಿದ್ದ. ಹೆಂಡತಿಯ ತಮ್ಮ, ನೀರಿನ ಟ್ಯಾಂಕುಗಳ ಏಜೆಂಟು, ಎಲ್ಲ ಊರುಗಳಲ್ಲೂ ಯಾರೋ ಒಬ್ಬರನ್ನು ಬಲ್ಲವನು. “ಭಾವ, ನೋಡಿ, ಆ ಬೋರ್ಡಿಂಗ್ ಸ್ಕೂಲಿನವರು ಒಪ್ಪಿದಾರೆ. ಏನೂ ಕೇಳಲ್ಲ. ಹಿಂದೆ ಎಲ್ಲಿದ್ದ, ಏನ್ಮಾಡ್ದ, ಒಂದೂ ಇಲ್ಲ. ವರ್ಷಕ್ಕೊಂದೇ ಸಲ ಮನೆಗೆ ಬಿಡೋದು. ಅಕ್ಕನಿಗೆ ನೀವೇ ಹೇಳಿ, ನಾನು ಹೇಳಿದ್ರೆ ನನ್ನನ್ನ ತಿಂದು ಹಾಕ್ತಾಳೆ.” ವರ್ಷಕ್ಕೊಂದೇ ಸಲ. ಆ ಮಾತು ಬಾಯಲ್ಲಿಟ್ಟ ಪೆಪ್ಪರಮೆಂಟಿನ ಹಾಗೆ ತಣ್ಣಗೆ ಕರಗಿತು. ಒಂದು ತಿಂಗಳಿಂದ ಅವನು ಮಗನ ಓದಿಗೆ ದಾರಿ ಹುಡುಕುತ್ತಿದ್ದ. ಎಲ್ಲರೂ ಹಾಗೆಂದೇ ತಿಳಿದಿದ್ದರು, ತಾನೂ ತಿಳಿದಿದ್ದ. ತರಬೇತಿ ಕೇಂದ್ರಕ್ಕೆ ಹೋಗಿದ್ದ. ‘ಕೈ ಕೆಸರಾದರೆ ಬಾಯಿ ಮೊಸರು’ ಎಂದು ಬರೆದ ಗೋಡೆಯ ಕೆಳಗೆ ಹುಡುಗರು ಮೊಣಕೈವರೆಗೆ ಗ್ರೀಸ್ ಬಳಿದುಕೊಂಡು ಒಂದೇ ಇಂಜಿನ್ನನ್ನು ಬಿಚ್ಚುವುದು, ಕೂಡಿಸುವುದು. ಅಲ್ಲಿನ ಸೂಪರಿಂಟೆಂಡೆಂಟು ಮಗನ ಕತೆ ಕೇಳಿ ಖುಷಿಯಾಗಿ, “ಅಂಥೋರಿಗೇ ಸ್ವಾಮಿ ಇದು ಇರೋದು, ಕಳಿಸಿ” ಎಂದಿದ್ದ. ಅದು ಬೇಡವೆಂದು ಬಂದ, ಮೂರು ಗಂಟೆಗೇ ಬಿಡುತ್ತಾರೆ, ಹುಡುಗ ಸೀದಾ ಮೈದಾನಕ್ಕೆ ಬರುತ್ತಾನೆ. ಮನೆಯಲ್ಲೇ ಓದಿ ಖಾಸಗಿಯಾಗಿ ಪರೀಕ್ಷೆಗೆ ಕೂರುವ ದಾರಿ ಇತ್ತು, ಅದರ ಫಾರಂ ತಂದು ಕೊಟ್ಟ ನೆರೆಮನೆಯ ಟೀಚರನ್ನು ನೋಡಿದರೇ ಅವನಿಗೆ ತಲೆನೋವು. ಇಡೀ ದಿನ ಎದುರು ಕೋಣೆಯಲ್ಲಿ ಕೂತು ಓದುವ ಮಗ, ಊಟಕ್ಕೆ ಎದುರು ಕೂರುವ ಮಗ, ಏನೂ ಕೇಳದ ಮಗ. ಪ್ರತಿ ದಾರಿಯನ್ನೂ ಅವನು ಒಂದೇ ಪ್ರಶ್ನೆ ಹಾಕಿ ತೂಗುತ್ತಿದ್ದ. ಆ ಹುಡುಗ ದಿನಕ್ಕೆಷ್ಟು ಹೊತ್ತು ನನ್ನ ಕಣ್ಣಿಗೆ ಬೀಳುತ್ತಾನೆ? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದೇನು, ಅವನು ಹೆಗಲನ್ನೇ ಕತ್ತರಿಸಿ ಬೇರೆ ಊರಿಗೆ ಕಳಿಸಲು ಹೊರಟಿದ್ದ. ಇಷ್ಟನ್ನು ಅವನು ಯೋಚಿಸಲಿಲ್ಲ. ಯೋಚನೆ ಆ ಕಡೆ ತಿರುಗಿದಾಗಲೆಲ್ಲ ರೇಡಿಯೋ ಹಚ್ಚುತ್ತಿದ್ದ.

ಮಗನ ಭೇಟಿಗೆ ಹೊರಟ ಹೆಂಡತಿ ಬಂದು ಹಿಂದಿನ ಸೀಟಿನಲ್ಲಿ ಕೂತಳು. ಆ ಭಾನುವಾರದ ಮೇಲೆ ಅವಳು ಮುಂದೆ ಕೂತದ್ದಿಲ್ಲ. ಯಾಕೆಂದು ಅವನು ಕೇಳಿದ್ದಿಲ್ಲ. ಮಡಿಲಲ್ಲಿ ಹೊಸ ಶರ್ಟಿನ ಪೊಟ್ಟಣವಿತ್ತು.

“ಏನಂದ್ರು ಶಾಲೆಯಲ್ಲಿ?”

“ಏನಂತಾರೆ. ಇಲ್ಲ ಅಂದ್ರು.”

“ಇನ್ನೆರಡು ವರ್ಷ ಅಂತ ಹೇಳಿದ್ರಾ?”

“ಹೇಳ್ದೆ.”

“ದನಿ ಇಳಿಸಿ ಹೇಳಿದ್ರಾ?”

“ನಾನೇನು ನಾಟಕದವನಾ? ಹೇಳ್ದೆ ಅಂದ್ನಲ್ಲ. ಅವರಿಗೆ ಮನಸ್ಸಿಲ್ಲ. ಎಂಜಲು ಕೈಯಲ್ಲಿ ಕಾಗೆ ಓಡಿಸದ ಜನ. ನಿನ್ನ ತಮ್ಮ ಹೇಳಿದ ಬೋರ್ಡಿಂಗ್ ಸ್ಕೂಲೇ ಗತಿ.” ಕನ್ನಡಿಯಲ್ಲಿ ಅವಳ ಹಣೆ ಮಾತ್ರ ಕಾಣುತ್ತಿತ್ತು. ಹಣೆ ನಂಬಿತೋ ಇಲ್ಲವೋ ತಿಳಿಯಲಿಲ್ಲ. “ನಾನೇ ಒಂದು ಸಲ ಹೋಗಿ ಕೇಳಬೇಕಾಗಿತ್ತು,” ಎಂದಳು. “ನಿಮಗೆ ಬೇಡೋಕೆ ಬರಲ್ಲ.” ಅದು ಹೊಗಳಿಕೆಯೆಂದು ಅವನು ತೆಗೆದುಕೊಂಡ.

ರಿಮ್ಯಾಂಡ್ ಹೋಮಿನ ಭೇಟಿಯ ಹಾಲಿನಲ್ಲಿ ಉದ್ದದ ಬೆಂಚುಗಳು, ಮಧ್ಯೆ ಮೊಣಕಾಲೆತ್ತರದ ಮೇಜುಗಳು. ಏಳೆಂಟು ಸಂಸಾರಗಳು ಒಂದರ ಮಾತು ಇನ್ನೊಂದಕ್ಕೆ ಕೇಳಬಾರದೆಂದು ಪಿಸುಗುಟ್ಟಿ, ಆ ಪಿಸುಮಾತೆಲ್ಲ ಸೇರಿ ಗಿರಣಿಯ ಹಾಗೆ ಗುಂಯ್‌ಗುಟ್ಟುತ್ತಿತ್ತು. ಕೊನೆಯಲ್ಲಿ ಪ್ರೊಬೇಷನ್ ಆಫೀಸರ್ ಮೇಡಂ ಕಿವಿಗೆ ಫೋನು ಒತ್ತಿಕೊಂಡು ಯಾರಿಗೋ ಹೂಂ ಹೂಂ ಎನ್ನುತ್ತಿದ್ದಳು. ಅವನು ಸುತ್ತ ನೋಡಿದ. ಅಳುವ ಅಮ್ಮಂದಿರು, ಉಗುರು ಕಚ್ಚುವ ಅಪ್ಪಂದಿರು, ಲೈಸೆನ್ಸಿಗೆ ಅರ್ಜಿ ಹಾಕಲೂ ಯೋಗ್ಯತೆಯಿಲ್ಲದ ಸರಕು. ಇವರ ಮಕ್ಕಳು ಇಲ್ಲಿಗೆ ಬರದೆ ಇನ್ನೆಲ್ಲಿಗೆ ಹೋಗುತ್ತಾರೆ. ತಾನು ಬೇರೆ. ತನ್ನದು ಆಕಸ್ಮಿಕ. ಮಗ ಬಂದು ಎದುರು ಕೂತ. ಕೂದಲು ಸಣ್ಣಗೆ ಕತ್ತರಿಸಿದ್ದರು, ದನಿ ಒಡೆದಿತ್ತು, ತುಟಿಯ ಮೇಲೆ ಮೀಸೆಯ ನೆರಳು. ಅವನ ಭುಜ ತನ್ನ ಭುಜಕ್ಕಿಂತ ಅಗಲವಾಗಿರುವುದನ್ನು ಕಂಡು ಅಪ್ಪನಿಗೆ ಕಸಿವಿಸಿಯಾಯಿತು.

“ಊಟ ಮಾಡಿದ್ಯಾ ಅಮ್ಮ?” ಎಂದ ಹುಡುಗ.

“ನನ್ನ ಊಟ ಕೇಳ್ತಾನೆ ನೋಡಿ,” ಎಂದು ಅವಳು ಪೊಟ್ಟಣ ಬಿಚ್ಚಿ ಶರ್ಟನ್ನು ಅವನ ಎದೆಗೆ ಹಿಡಿದು ಅಳತೆ ನೋಡಿದಳು. ಚಿಕ್ಕದಾಗಿತ್ತು. ಹೋದ ವರ್ಷದ ಅಳತೆಗೆ ತಂದಿದ್ದಳು. “ತೋಳು ಬಿಚ್ಚಿದರೆ ಸರಿಯಾಗುತ್ತೆ,” ಎಂದು ತನಗೆ ತಾನೇ ಹೇಳಿಕೊಂಡು ಮಡಚಿದಳು.

“ಶಾಲೆಗೆ ಹೋಗಿದ್ರಾ ಅಪ್ಪ?”

“ಹೋಗಿದ್ದೆ. ಆಗಲ್ಲ ಅಂದ್ರು.”

ಹುಡುಗ ತಲೆಯಾಡಿಸಿದ. ಮೇಜಿನ ಅಂಚಿನಲ್ಲಿ ಯಾರೋ ಕೆತ್ತಿದ್ದ ಅಕ್ಷರವನ್ನು ಹೆಬ್ಬೆರಳಿನಿಂದ ತಿದ್ದಿದ. “ಅಲ್ಲೇ ಆಗಿದ್ರೆ ಚೆನ್ನಾಗಿತ್ತು,” ಎಂದ. “ಇಲ್ಲಿ ಕೇಸಿನ ಮೇಲೆ ಹೆಸರಿಡ್ತಾರೆ. ನನಗೆ ಕೀ ಕಳ್ಳ ಅಂತಾರೆ. ಬೇರೆ ಎಲ್ಲಿ ಹೋದ್ರೂ ಯಾರಾದ್ರೂ ಕೇಳ್ದಾಗ ಮೊದಲಿಂದ ಹೇಳ್ಬೇಕು. ಆ ಶಾಲೆಯಲ್ಲಾದ್ರೆ ಎಲ್ಲಾ ಹುಡುಗ್ರೂ ಮೈದಾನದಲ್ಲಿ ನೋಡಿದಾರೆ. ನಾನು ಕದಿಯೋ ಅವಶ್ಯಕತೆ ಇರಲಿಲ್ಲ ಅಂತ ಅವರಿಗೆ ಗೊತ್ತು.”

“ಬೋರ್ಡಿಂಗ್ ಸ್ಕೂಲಿದೆ,” ಎಂದ ಅವನು ಬೇಗ. “ದೊಡ್ಡ ಲೈಬ್ರರಿ ಇದೆಯಂತೆ. ಯಾರೂ ಏನೂ ಕೇಳಲ್ಲ. ಮಾವ ಎಲ್ಲಾ ಮಾತಾಡಿದಾನೆ.” ದೊಡ್ಡ ಲೈಬ್ರರಿ ಎಂಬುದನ್ನು ಅವನು ಆಗಷ್ಟೇ ಕಟ್ಟಿಸಿದ್ದ.

“ಎಷ್ಟು ದಿನಕ್ಕೆ ಬಿಡ್ತಾರೆ ಮನೆಗೆ?” ಎಂದಳು ಹೆಂಡತಿ.

ಅಷ್ಟರಲ್ಲಿ ಮೇಡಂ ಫೋನು ಕೆಳಗಿಟ್ಟು ಅವರ ಬೆಂಚಿನ ಬಳಿಗೇ ಬಂದಳು. ಜೋರಾಗಿ ಮಾತಾಡುವ ಹೆಂಗಸು. ಇಷ್ಟು ಗದ್ದಲದಲ್ಲಿ ಕೆಲಸ ಮಾಡಿ ಮಾಡಿ ಅವಳ ದನಿಗೆ ಕೆಳಗಿನ ಗೇರೇ ಉಳಿದಿರಲಿಲ್ಲ. “ನೀವು ಬಂದಿದ್ದು ಒಳ್ಳೇದಾಯ್ತು. ಈಗ ತಾನೇ ಹೆಡ್‌ಮಾಸ್ಟರ ಹತ್ರ ಮಾತಾಡಿದೆ. ಸೀಟು ಇದೆ ಅಂದ್ರಲ್ಲ, ಬೆಳಿಗ್ಗೇನೇ ನಿಮಗೆ ಹೇಳಿದಾರಂತೆ.”

ಹೆಂಡತಿಯ ಕೈ ಶರ್ಟಿನ ಮೇಲೆ ನಿಂತಿತು. ಅವಳು ಅವನತ್ತ ತಿರುಗಲಿಲ್ಲ.

“ಶನಿವಾರದ ವಿಷಯ ಒಂದೇ ಬಾಕಿ,” ಎಂದಳು ಮೇಡಂ. “ಪೋಷಕರ ಸಭೆಯಲ್ಲಿ ನೀವು ಹೇಳ್ಬೇಕಂತೆ, ಹುಡುಗನಿಗೆ ಕಲಿಸಿದ್ದೂ ನೀವೇ, ಕೀ ಕೊಟ್ಟಿದ್ದೂ ನೀವೇ ಅಂತ. ನನಗೆ ಅದು ಮೊದಲೇ ಗೊತ್ತಿದ್ರೆ ಒಂದು ವರ್ಷದ ಹಿಂದೆ ಬೋರ್ಡಿಗೆ ಬೇರೆ ಥರಾನೇ ಬರೀತಿದ್ದೆ. ಹೋಗಲಿ. ನೀವು ಒಪ್ಪಿದ್ರೆ ಇವತ್ತೇ ಬರೀತೀನಿ, ನಾಳೆ ಹುಡುಗ ಮನೆಗೆ ಬರ್ತಾನೆ. ಹೇಳ್ತೀರಾ?”

ಅವಳು ‘ಕೀ ಕೊಟ್ಟಿದ್ದೂ ನೀವೇ’ ಎಂದಾಗಲೇ ಹಾಲಿನ ಗುಂಯ್‌ಗುಡುವಿಕೆ ತಗ್ಗಿತ್ತು. ಪಕ್ಕದ ಬೆಂಚಿನ ಉಗುರು ಕಚ್ಚುವ ಅಪ್ಪ ಉಗುರನ್ನು ಬಾಯಲ್ಲೇ ಬಿಟ್ಟು ನೋಡಿದ. ಬಾಗಿಲ ಬಳಿಯ ಗಾರ್ಡು ನೋಡಿದ. ಬಾಯಿ ತೆರೆದರೆ ಮತ್ತೆ ಆ ನಗೆ ಬಂದುಬಿಡುತ್ತದೆಂದು ಅವನು ಹಲ್ಲು ಕಚ್ಚಿ ಕೂತ. ಲೈಸೆನ್ಸು ಹೋಗುತ್ತದೆ, ಸಂಸಾರ ಬೀದಿಗೆ ಬರುತ್ತದೆ, ಇದು ನಿಮಗೆಲ್ಲಿ ಅರ್ಥವಾಗಬೇಕು ಎಂದು ಹೇಳಲು ಮಾತುಗಳನ್ನು ಜೋಡಿಸಿದ. ಒಂದಕ್ಕೊಂದು ಚೆನ್ನಾಗಿಯೇ ಕೂತವು, ಬೋರ್ಡಿನ ಮುಂದೆ ಕೂತ ಹಾಗೆ. ಆಗ ಮಗನ ಮುಖ ಕಂಡಿತು. ಮಗ ಕಾಯುತ್ತಿದ್ದ. ಒಂದು ಗಳಿಗೆ ಆ ಮುಖದಲ್ಲಿ ಮೀಸೆಯ ನೆರಳೆಲ್ಲ ಮಾಯವಾಗಿ, ಪೆನ್ಸಿಲು ಸಿಕ್ಕಿಸಿಕೊಂಡ ಕಿವಿಯೊಂದು ಮಾತ್ರ ಅವನತ್ತ ತೆರೆದುಕೊಂಡ ಹಾಗಿತ್ತು. ಹೇಳಿಬಿಡಬಹುದು ಎಂದು ಅವನಿಗೆ ಅನ್ನಿಸಿತು. ಹೂಂ ಎಂದರೆ ಸಾಕು, ಅದು ಮಾತೂ ಅಲ್ಲ, ಗಂಟಲಿನ ಒಂದು ಸದ್ದು. ನಿದ್ದೆಗಣ್ಣಿನಲ್ಲಿ ಎಷ್ಟು ಸಲೀಸಾಗಿ ಬಂದಿತ್ತು. ಅವನು ಗಂಟಲು ಸರಿಮಾಡಿಕೊಂಡ. ಎಲ್ಲರೂ ಮುಂದಕ್ಕೆ ಬಾಗಿದರು. ಆ ಬಾಗುವಿಕೆಯನ್ನು ಕಂಡದ್ದೇ ಅವನು ಬೆಂಚಿನಲ್ಲಿ ಹಿಂದಕ್ಕೆ ಸರಿದು ಕೂತ.

“ಹೇಳ್ರೀ,” ಎಂದಳು ಹೆಂಡತಿ. ಮೆತ್ತಗೆ. “ಹೂಂ ಅನ್ನಿ.”

“ಬೇಡ ಬಿಡಿ ಮೇಡಂ,” ಎಂದ ಮಗ. ಕಾಯುವುದನ್ನು ಅವನು ಆಗಲೇ ನಿಲ್ಲಿಸಿದ್ದ. “ನಿಮ್ಮ ಹಾಸ್ಟೆಲ್ ಅಂತಲೇ ಬರ್ಕೊಳ್ಳಿ. ನಮ್ಮಪ್ಪನಿಗೆ ನಾಲ್ಕು ಜನರ ಮುಂದೆ ಮಾತಾಡೋಕೆ ನಾಚಿಕೆ.”

ಉಗುರು ಕಚ್ಚುವವನು ಕಿಸಕ್ಕನೆ ನಕ್ಕ. ಅವನ ಹೆಂಡತಿ ಮೊಣಕೈಯಿಂದ ತಿವಿದಳು. ಅವಳೂ ನಗುತ್ತಿದ್ದಳು. ಮೇಡಂ ನಗಲಿಲ್ಲ. “ನಾನು ಕೇಳ್ತಿರೋದು ನಿಮ್ಮನ್ನ,” ಎಂದಳು. “ಸಂಜೆಯೊಳಗೆ ನಾನು ಏನಾದ್ರೂ ಒಂದು ಬರೀಬೇಕು. ಏನಂತ ಬರೀಲಿ?”

ಅವನು ಎದ್ದ. ಬೆಂಚು ಅವನೊಡನೆ ಸ್ವಲ್ಪ ಎದ್ದು ಮತ್ತೆ ಕೂತಿತು. ಮೇಜುಗಳ ನಡುವಿನ ಓಣಿಯಲ್ಲಿ ಯಾರೋ ಚಾಚಿದ ಕಾಲುಗಳನ್ನು ದಾಟಿ, ಕೆಳಗೆ ಬಿದ್ದಿದ್ದ ಬಾಳೆಹಣ್ಣಿನ ಸಿಪ್ಪೆಯನ್ನು ತಪ್ಪಿಸಿ, ಒಮ್ಮೆಯೂ ಎಡವದೆ ಬಾಗಿಲಿಗೆ ನಡೆದ. ಹಿಂದಿನಿಂದ ಹೆಂಡತಿ “ರೀ” ಎಂದದ್ದು ಕೇಳಿಸಿತು, ಎರಡನೆಯ ಸಲ ಅವಳು ಕರೆಯಲಿಲ್ಲ. “ಮಾತಾಡಿದ್ದು ಮುಗೀತಾ ಯಜಮಾನ್ರೇ?” ಎಂದು ಗಾರ್ಡು ಚಿಲಕಕ್ಕೆ ಕೈ ಹಾಕಿ ಕ್ರಮದಂತೆ ಕೇಳಿದ. ಉತ್ತರ ಬರುವವರೆಗೆ ಬಾಗಿಲು ತೆರೆಯಬಾರದೆಂದು ಅವರಲ್ಲಿ ನಿಯಮವಿತ್ತೋ ಏನೋ, ಗಾರ್ಡು ಕೈ ಚಿಲಕದ ಮೇಲಿಟ್ಟುಕೊಂಡೇ ಮುಖ ನೋಡುತ್ತ ನಿಂತ. ಆಮೇಲೆ ತಾನೇ ತೆರೆದ. ಹೊರಗೆ ಬಿಸಿಲು ನೆಟ್ಟಗೆ ಹೊಡೆಯುತ್ತಿತ್ತು. ಕಾರು ನಿಲ್ಲಿಸಿದ್ದ ಕಡೆ ಹೋಗುವ ಬದಲು ಅವನು ಎದುರಿನ ರಸ್ತೆಗಿಳಿದು, ಅದು ಎಲ್ಲಿಗೆ ಹೋಗುತ್ತದೆಂದು ಕೂಡ ನೋಡದೆ, ನಡೆದುಬಿಟ್ಟ.